ಸಂಪಗಾಂವದಿಂದ ಬರುವ ಬನ್ನಿ

ಸಂಗೊಳ್ಳಿಯ ಪಿಸ್ತೂಲು ಕಾಡಪ್ಪನನ್ನು ಹೊಗಳದವರು ಆ ಸೀಮೆಯಲ್ಲಿ ಇರಲಿಲ್ಲ, ಅವನ ಹೆಂಡತಿ ರಾಯವ್ವನನ್ನು ಬಿಟ್ಟರೆ. "ಊರಿಗೆಲ್ಲಾ ಗುರಿಕಾರ. ಮನ್ಯಾಗ ಬಾವಿಗೆ ಕೊಡಪಾನ ನೆಟ್ಟಗ ಬಿಡಾಕ ಬರೂದಿಲ್ಲ" ಎಂದು ಅವಳು ಅವನ ಎದುರಿಗೇ ಅನ್ನುತ್ತಿದ್ದಳು. ಈ ಕತೆಯನ್ನು ನನಗೆ ಹೇಳಿದವಳೂ ಅವಳೇ. ಗಂಡ ತೀರಿಹೋದ ಮೇಲೆ ಹೇಳಿದಳು, ಅರ್ಧ ಬೈಯುತ್ತ, ಅರ್ಧ ಕಣ್ಣೊರೆಸಿಕೊಳ್ಳುತ್ತ. ಬೈಗುಳಗಳನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಪ್ಲೇಗು ಬಂದು ಹೋದ ಮೇಲಿನ ಮಾತಿದು. ಬೈಲಹೊಂಗಲದ ಆಚೆ ಒಬ್ಬ ದೇಸಾಯರ ವಾಡೆಯಿತ್ತು. ವಾಡೆಯ ಆಯುಧಗಳನ್ನೆಲ್ಲ ಇಡುವ ಸಿಲೇಖಾನೆಯನ್ನು ಕಾಯಲು ಸಂಪಗಾಂವದ ಶಟ್ಟೆಪ್ಪ ಇದ್ದ. ಪಿಸ್ತೂಲಿನಲ್ಲಿ ಅವನ ಕೈ ಅಂದರೆ ಕೈ. ಹರೆಯದ ಕಾಡಪ್ಪ ಅಲ್ಲಿಗೆ ಚಾಕರಿಗೆ ಸೇರಿದಾಗ ಶಟ್ಟೆಪ್ಪ ಅವನಿಗೆ ಪಿಸ್ತೂಲು ಮುಟ್ಟಲು ಕೊಡಲಿಲ್ಲ. ತುಂಬಿದ ತಂಬಿಗೆಯೊಂದನ್ನು ಕೊಟ್ಟ.

"ಕೈ ಚಾಚಿ ಹಿಡಿ. ನೀರು ಅಳ್ಳಾಡಬಾರದು" ಎಂದ.

"ಎಲ್ಲಿತನಾ ಅಣ್ಣಾ?"

"ನಾ ಊಟಾ ಮಾಡಿ ಬರೂತನಾ."

ಶಟ್ಟೆಪ್ಪ ನಿಧಾನವಾಗಿ ಉಣ್ಣುವ ಮನುಷ್ಯ. ಹೀಗೆ ಒಂದು ಮಳೆಗಾಲ ಕಳೆದ ಮೇಲೆ ಕಾಡಪ್ಪನ ಕೈಗೆ ಪಿಸ್ತೂಲು ಬಂತು. ಮದ್ದು ಎಷ್ಟು ಹಾಕಬೇಕು, ಗುಂಡನ್ನು ಎಷ್ಟು ಬಿಗಿಯಾಗಿ ಗಿಡಿಯಬೇಕು, ಉಸಿರನ್ನು ಎಲ್ಲಿ ತಡೆಯಬೇಕು ಎಂಬುದನ್ನು ಶಟ್ಟೆಪ್ಪ ಒಂದನ್ನೂ ಬಚ್ಚಿಡದೆ ಕಲಿಸಿದ. ಸ್ವಂತ ತಮ್ಮನಿಗೆ ಕೂಡ ಯಾರೂ ಹಾಗೆ ಕಲಿಸುವುದಿಲ್ಲ.

ದಸರೆಯ ದಿನ ವಾಡೆಯ ಮುಂದೆ ಗುರಿಯ ಪಂದ್ಯ ನಡೆಯುತ್ತಿತ್ತು. ದೊಡ್ಡ ಹುಣಸೆ ಮರದ ಕೊಂಬೆಗೆ ಹುರಿಯಿಂದ ತೆಂಗಿನಕಾಯಿ ಕಟ್ಟುತ್ತಿದ್ದರು. ಕಾಯಿ ಒಡೆದರೆ ಲೆಕ್ಕಕ್ಕಿಲ್ಲ. ಹುರಿ ಹರಿದು ಕಾಯಿ ಇಡಿಯಾಗಿ ನೆಲಕ್ಕೆ ಬೀಳಬೇಕು. ಗೆದ್ದವನಿಗೆ ದೇಸಾಯರ ಕೈಯಿಂದ ರುಮಾಲು. ಸೋತವನಿಗೊಂದು ರಿವಾಜು: ಬನ್ನಿ ಮುಡಿದ ಮರುದಿನ ಅವನು ಗೆದ್ದವನ ಮನೆಗೆ ನಡೆದುಕೊಂಡೇ ಹೋಗಿ ಬನ್ನಿ ಕೊಟ್ಟು ಬರಬೇಕು, ವಯಸ್ಸಿನಲ್ಲಿ ಹಿರಿಯನಾದರೂ ಸರಿ. ತಿರುಗಿ ಗೆಲ್ಲುವವರೆಗೆ ಪ್ರತಿ ವರ್ಷವೂ ಹೋಗಬೇಕು. ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಉಳಿಯಬಾರದು ಅಂತ ಹಿರಿಯರು ಮಾಡಿಟ್ಟದ್ದು. ಶಟ್ಟೆಪ್ಪನ ಮನೆಗೆ ಎಷ್ಟೋ ಜನ ಹೀಗೆ ಬಂದು ಹೋಗಿದ್ದರು. ಸೋತು ಅವನು ಯಾರ ಮನೆಗೂ ಹೋದವನಲ್ಲ.

ಆ ವರ್ಷ ಕೊನೆಗೆ ಉಳಿದವರು ಗುರು ಶಿಷ್ಯರಿಬ್ಬರೇ. ಶಟ್ಟೆಪ್ಪ ಹೊಡೆದ. ಕಾಯಿ ಗಿರ್ರನೆ ತಿರುಗಿತು, ಬೀಳಲಿಲ್ಲ. ಜನ ಅಯ್ಯಯ್ಯೋ ಅಂದರು. ಆಮೇಲೆ ಕಾಡಪ್ಪನ ಸರದಿ. ಬೆರಳು ಪಿಸ್ತೂಲಿನ ಕುದುರೆ ಎಳೆಯುವ ಹೊತ್ತಿಗೆ ಅವನ ಹುಬ್ಬಿನಿಂದ ಬೆವರು ಕಣ್ಣಿಗಿಳಿಯಿತು, ಮಣಿಕಟ್ಟು ಮೇಲಕ್ಕೆ ಜಿಗಿಯಿತು. ಗುರಿ ತಪ್ಪಿದ್ದು ಹೊಡೆದವನ ಕಣ್ಣಿಗಿಂತ ಮೊದಲು ಮಣಿಕಟ್ಟಿಗೆ ಗೊತ್ತಾಗುತ್ತದೆ. ಗುಂಡು ಕೊಂಬೆಗೆ ಹೊಡೆದು ತೊಗಟೆಯ ಪುಡಿ ಉದುರಿತು. ಒಂದು ಉಸಿರಿನಷ್ಟು ಹೊತ್ತು ಕಳೆದು, ತನ್ನಷ್ಟಕ್ಕೆ ತಾನೇ, ಕಾಯಿ ನೆಲಕ್ಕೆ ಬಿತ್ತು. ಶಟ್ಟೆಪ್ಪನ ಗುಂಡು ಸವರಿಹೋದ ಹುರಿಯ ಕೊನೆಯ ಎಳೆ ಆಗ ಹರಿದಿತ್ತು.

ಹೊಗೆಯಲ್ಲಿ ಇದನ್ನು ಯಾರೂ ಕಾಣಲಿಲ್ಲ. ಎಲ್ಲರ ಕಣ್ಣೂ ಕಾಯಿಯ ಮೇಲೆ. ಹಲಗೆ ಬಾರಿಸತೊಡಗಿದರು. ಕಾಡಪ್ಪ ಹೇಳಬೇಕೆಂದು ಬಾಯಿ ತೆರೆದ. ತೆರೆದ ಬಾಯಿಗೆ ದೇಸಾಯರು "ಶಾಬಾಸ್ ಕಾಡ್ಯಾ!" ಎಂದು ಸಕ್ಕರೆ ಹಾಕಿದರು. ಸಕ್ಕರೆ ನುಂಗಿದ ಮೇಲೆ ಮಾತನ್ನೂ ನುಂಗಿದ. ಇದರಲ್ಲಿ ಸಕ್ಕರೆಯ ತಪ್ಪೇನೂ ಇಲ್ಲ. ತಲೆಗೆ ರುಮಾಲು ಸುತ್ತುತ್ತಿರುವಾಗ ಅವನಿಗೆ ಹಿತವಾಗಿತ್ತು, ಅಷ್ಟೇ.

ಶಟ್ಟೆಪ್ಪ ಬಂದು ಬೆನ್ನು ಚಪ್ಪರಿಸಿದ. ಸಿಲೇಖಾನೆಗೆ ಹೋಗಿ ತನ್ನ ಪಿಸ್ತೂಲನ್ನು ಒರೆಸಿ, ಎಣ್ಣೆ ಹಚ್ಚಿ ಒಳಗಿಟ್ಟ. "ನನಗಿಂತ ಚಲೋ ಕೈ ನನ್ನ ಕೈಯಾಗ ತಯಾರಾತು. ಇನ್ನ ನಾ ಹಿಡಿದರ ಚೆಂದ ಕಾಣೂದಿಲ್ರಿ" ಎಂದು ದೇಸಾಯರಿಗೆ ಹೇಳಿ ಸಂಪಗಾಂವಕ್ಕೆ ಹೋಗಿ ಹೊಲ ಹಿಡಿದ. ಕಾಡಪ್ಪ ಆ ಸಂಜೆ ಮರ ಹತ್ತಿ ಕೊಂಬೆಯನ್ನು ನೋಡಿದ. ಗುಂಡು ಹೊಕ್ಕ ತೂತು ಇತ್ತು, ಅವನ ಕಿರುಬೆರಳು ಹಿಡಿಯುವಷ್ಟು.

ಬನ್ನಿಯ ಮರುದಿನ ಶಟ್ಟೆಪ್ಪ ಸಂಗೊಳ್ಳಿಗೆ ನಡೆದು ಬಂದ. ನಸುಕಿನಲ್ಲಿ ಬಿಟ್ಟರೆ ಹೊತ್ತು ಏರುವ ತನಕ ದಾರಿ. ಕಾಲಿಗೆ ನೀರು ಕೊಡಲು ಹೋದ ಕಾಡಪ್ಪನ ತಂಬಿಗೆಯಿಂದ ನೀರು ಚೆಲ್ಲಿತು.

"ಬನ್ನಿ ತಗೊಂಡು ಬಂಗಾರದಾಂಗ ಇರೂಣು ತಮ್ಮಾ" ಎಂದ ಶಟ್ಟೆಪ್ಪ. ಆಮೇಲೆ ನಕ್ಕು, "ತಂಬಿಗಿ ನೆಟ್ಟಗ ಹಿಡಿಯಾಕ ಕಲಿಸಿದ್ನೆಲ್ಲೊ ನಿನಗ!" ಎಂದ.

ಅಲ್ಲಿಂದ ಕಾಡಪ್ಪನ ಹೆಸರು ಏರಿತು. ಸವದತ್ತಿಯಲ್ಲಿ ಗೆದ್ದ, ಕಿತ್ತೂರಿನಲ್ಲಿ ಗೆದ್ದ. ರಾಮದುರ್ಗದಲ್ಲಿ ಮೇಲಕ್ಕೆ ಎಸೆದ ನಿಂಬೆಹಣ್ಣನ್ನು ನೆಲಕ್ಕೆ ಬೀಳುವುದರೊಳಗೆ ಹೊಡೆದ. ಬೆಳಗಾವಿಯ ದಂಡಿನ ಸಾಹೇಬನೊಬ್ಬ ಕೊಟ್ಟ ಪದಕವನ್ನು ರಾಯವ್ವ ಕೂಸಿನ ತೊಟ್ಟಿಲಿಗೆ ಕಟ್ಟಿದಳು. ಸುಳ್ಳು ಗೆಲುವಿನ ಮೇಲೆ ನಿಂತವನು ಬೀಳುತ್ತಾನೆ ಅನ್ನುತ್ತಾರಲ್ಲ, ಇವನು ಬೀಳಲಿಲ್ಲ. ಬೀಳಲು ಹೆದರಿ ದಿನವೂ ಬೆಳಿಗ್ಗೆ ಅಂಗಳದಲ್ಲಿ ತಂಬಿಗೆ ಹಿಡಿದು ನಿಲ್ಲುತ್ತಿದ್ದ. ಖರೆ ಹೇಳಬೇಕೆಂದರೆ ಅವನನ್ನು ಗುರಿಕಾರನನ್ನಾಗಿ ಮಾಡಿದ್ದೇ ಆ ಪಾಪ. ಇನ್ನೊಂದು ಪಂದ್ಯ ಗೆದ್ದರೆ ಆ ರುಮಾಲು ತನ್ನದಾದೀತು ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದ. ಗೆದ್ದು ಮನೆಗೆ ಬಂದ ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ. "ಸೋತು ಬಂದವರ ಮಾರಿ ಇದಕ್ಕಿಂತ ಚಲೋ ಇರತೈತಿ" ಎಂದು ರಾಯವ್ವ ಬೈಯುತ್ತಿದ್ದಳು.

ಕಾಯಿ ಬಿದ್ದ ನಿಜವನ್ನು ಅವಳಿಗೆ ಹೇಳಿದ್ದ. "ಅವರಿಗೆ ಹೇಳ್ರಿ, ನನಗ ಹೇಳಿ ಏನ್ ಉಪಯೋಗ?" ಎಂದಿದ್ದಳು. ಪ್ರತಿ ದಸರೆಗೂ ಈ ಸಲ ಹೇಳುತ್ತೇನೆ ಅನ್ನುತ್ತಿದ್ದ. ಶಟ್ಟೆಪ್ಪ ಬರುತ್ತಿದ್ದ, ಬನ್ನಿ ಕೊಡುತ್ತಿದ್ದ, ರೊಟ್ಟಿ ತಿಂದು, ಯಾವ ಊರಲ್ಲಿ ಹೇಗೆ ಗೆದ್ದೆ ಎಂದು ಕೂತು ಕೇಳುತ್ತಿದ್ದ. ಅವನು ಅಷ್ಟು ಖುಷಿಯಿಂದ ಕೇಳುವಾಗ ಬಾಯಿಗೆ ಬಂದದ್ದು ತಿರುಗಿ ಒಳಗೆ ಹೋಗುತ್ತಿತ್ತು. ವಾಡೆಯ ಮುಂದಿನ ಹುಣಸೆ ಮರ ಆ ತೂತಿನ ಮೇಲೆ ತೊಗಟೆ ಬೆಳೆಸಿಕೊಂಡು ಮುಚ್ಚಿಬಿಟ್ಟಿತು.

ಕೊನೆಗೆ ಇಬ್ಬರ ಮೀಸೆಯೂ ಬೆಳ್ಳಗಾದ ಮೇಲೆ ಒಂದು ದಸರೆಗೆ ಶಟ್ಟೆಪ್ಪ ಕುಂಟುತ್ತ ಬಂದ. ಮೊಣಕಾಲು ಬಾತಿತ್ತು. ಎರೆಮಣ್ಣಿನ ಹಾದಿಯಲ್ಲಿ ಕಾಲಿನ ಕೆರ ಕಿತ್ತು ಹೋಗಿ ಅಂಗಾಲು ಒಡೆದಿತ್ತು. ಆ ಕಾಲಿಗೆ ನೀರು ಹಾಕಲು ಬಗ್ಗಿದ ಕಾಡಪ್ಪ ತಂಬಿಗೆಯನ್ನು ಕೆಳಗಿಟ್ಟ.

"ಇನ್ನ ಮ್ಯಾಲೆ ಬರಬ್ಯಾಡ ಅಣ್ಣಾ. ಆ ಕಾಯಿ ನಾ ಇಳಿಸಿಲ್ಲ. ನನ್ನ ಗುಂಡು ಟೊಂಗಿಗೆ ಬಡೀತು. ಹುರಿ ಹರದಿದ್ದು ನಿನ್ನ ಗುಂಡು."

ಶಟ್ಟೆಪ್ಪ ಮೊದಲು ನಕ್ಕ. "ನನ್ನ ಕಾಲ ನೋಡಿ ಕರುಣಾ ಬಂತೇನ?"

"ಎಲ್ಲಮ್ಮನ ಆಣಿ."

ನಗು ನಿಂತಿತು. ರಾಯವ್ವ ಬಾಗಿಲಲ್ಲಿ ರೊಟ್ಟಿಯ ತಾಟು ಹಿಡಿದು ನಿಂತಿದ್ದಳು. ಶಟ್ಟೆಪ್ಪ ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡ. ನೇಗಿಲು ಹಿಡಿದು ದೊರಗಾದ ಕೈ ಅದು.

"ಅವತ್ತ ಹೇಳಿದ್ರ ನಗತಿದ್ವಿ, ಮತ್ತೊಂದು ಕಾಯಿ ಕಟ್ಟಸತಿದ್ವಿ" ಎಂದ. "ಈಗ ಈ ಕೈಗೆ ಏನಂತ ಹೇಳ್ಲಿ? ನನಗಿಂತ ದೊಡ್ಡಾಂವಗ ಸೋತೇನಿ ಅಂತ ಸಮಾಧಾನದಾಗ ಬಾಳೇ ಮಾಡೇನಿ. ನಿನ್ನ ಎದಿ ಹಗುರ ಮಾಡಿಕೊಳ್ಳಾಕ ಅದನ್ನೂ ಕಸಗೋತೀಯೇನ?"

ಶಟ್ಟೆಪ್ಪ ಬನ್ನಿಯನ್ನು ಕಟ್ಟೆಯ ಮೇಲಿಟ್ಟು, ರೊಟ್ಟಿ ಮುಟ್ಟದೆ, ಬಂದ ದಾರಿಯಲ್ಲೇ ಹೋದ.

ಮುಚ್ಚಿಟ್ಟಾಗ ಇದ್ದ ನೋವು ಹೇಳಿದ ಮೇಲೆ ಇಮ್ಮಡಿಯಾಯಿತು. ಮೊದಲು ಒಂದು ತಪ್ಪಿತ್ತು, ಈಗ ಎರಡು. ಒಂದೇ ವಾರದಲ್ಲಿ ಕಾಡಪ್ಪ ಮನೆಯ ಗೂಟಕ್ಕೆ ತೂಗುಹಾಕಿದ್ದ ಪಿಸ್ತೂಲನ್ನು ಇಳಿಸಿ ವಾಡೆಗೆ ಒಪ್ಪಿಸಿ ಬಂದ. ಪಂದ್ಯಕ್ಕೆ ಕರೆಯಲು ಬಂದವರಿಗೆ ಕಣ್ಣು ಮಂಜು ಎಂದು ಹೇಳಿ ಕಳಿಸಿದ. ಮುಂದಿನ ದಸರೆಗೆ ಅವನು ಒಂದು ನಿಶ್ಚಯ ಮಾಡಿದ್ದ. ಸೋತವನು ತಾನು, ಹೋಗಬೇಕಾದವನೂ ತಾನೇ. ಬನ್ನಿಯ ಮರುದಿನ ನಸುಕಿನಲ್ಲಿ ಎದ್ದು ಬೈಲಹೊಂಗಲದ ಗಾಡಿದಾರಿ ಹಿಡಿದು ನಡೆದ. ಸಂಪಗಾಂವದಲ್ಲಿ ಶಟ್ಟೆಪ್ಪನ ಹೆಂಡತಿ ಸತ್ಯವ್ವ ಬಾಗಿಲು ತೆರೆದಳು.

"ಅಯ್ಯ, ನೀವ್ಯಾಕ ಬಂದ್ರಿ? ಅವರು ನಿಮ್ಮ ಮನಿಗೇ ಹೋದ್ರಲ್ರಿ, ಹೊಲದ ಹಾದಿ ಹಿಡದು. ಕಾಲ ಬಾತೈತಿ, ಈ ವರ್ಷ ಬಿಡ್ರಿ ಅಂದ್ನಿ ನಾ. ಸೋತಾಂವ ಹೋಗಬೇಕಾಗತೈತಿ ಅಂದ್ರು."

ಕಾಡಪ್ಪ ಒಳಗೆ ಹೋಗಲಿಲ್ಲ. ಬನ್ನಿಯನ್ನು ಕೊಡಲೂ ಇಲ್ಲ, ಇಡಲೂ ಇಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊಲದ ಹಾದಿಯಲ್ಲಿ ತಿರುಗಿ ಬಂದ. ಶಟ್ಟೆಪ್ಪ ಎಲ್ಲೂ ಎದುರಾಗಲಿಲ್ಲ. ತಿರುಗಿ ಹೋಗುವಾಗ ಯಾರದೋ ಗಾಡಿ ಸಿಕ್ಕು ಬೈಲಹೊಂಗಲದ ಮೇಲೆ ಹೋಗಿದ್ದನಂತೆ. ಮನೆಯಲ್ಲಿ ಖಾಲಿ ಗೂಟಕ್ಕೆ ಬನ್ನಿಯ ಟೊಂಗೆ ಸಿಕ್ಕಿಸಿತ್ತು.

"ಅಣ್ಣ ಏನಂದಾ?" ಎಂದು ಕೇಳಿದ.

ರಾಯವ್ವ ಅಂದು ಬೈಯಲಿಲ್ಲ. "ಗೂಟಾ ನೋಡಿದ್ರು. ಪಿಸ್ತೂಲ ಎಲ್ಲೆವ್ವಾ ಅಂದ್ರು. ವಾಡೇದಾಗ ಇಟ್ಟು ಬಂದಾರ ಅಂದ್ನಿ. ಬನ್ನಿ ಗೂಟಕ್ಕ ಸಿಗಿಸಿದ್ರು. ಆಮ್ಯಾಲೆ, 'ಅಂವನೂ ಇಟ್ಟನೇನ? ಹಂಗಾದ್ರ ನಾ ಸೋತಿದ್ದು ಯಾರಿಗೆ?' ಅಂದ್ರು. ನೀರು ಸೈತ ಕುಡೀಲಿಲ್ಲ."

ಮರುದಿನ ಬೆಳಿಗ್ಗೆ ಕಾಡಪ್ಪ ವಾಡೆಗೆ ಹೋಗಿ ಪಿಸ್ತೂಲನ್ನು ಮರಳಿ ಕೇಳಿ ತಂದ. ಆ ವಯಸ್ಸಿನಲ್ಲಿ, ಬೇಡವಾದ ಪಂದ್ಯಗಳಿಗೆ ಮತ್ತೆ ಹೋಗುವವನಾದ. ಅದಕ್ಕೂ ಮೊದಲು, ತಂದ ದಿನವೇ, ರಾಯವ್ವ ಹಿತ್ತಲಿನಿಂದ ಬರುವಾಗ ಅವನು ಅಂಗಳದಲ್ಲಿ ತುಂಬಿದ ತಂಬಿಗೆ ಹಿಡಿದು ಕೈ ಚಾಚಿ ನಿಂತಿದ್ದ. ಕೈ ನಿಲ್ಲುತ್ತಿರಲಿಲ್ಲ, ನೀರು ಚೆಲ್ಲುತ್ತಿತ್ತು. ಚೆಲ್ಲಿದಾಗೊಮ್ಮೆ ಬಾವಿಗೆ ಹೋಗಿ ತುಂಬಿಕೊಂಡು ಬಂದು ಮತ್ತೆ ನಿಲ್ಲುತ್ತಿದ್ದ.