ಖಾಲಿ ಮನೆಗೆ ನೋಟೀಸು

ಯಾರೂ ಇಲ್ಲದ ಮನೆಗೆ ಪತ್ರ ಬರೆಯುವವನನ್ನು ಜನ ಹುಚ್ಚನೆನ್ನುತ್ತಾರೆ. ನನಗೆ ಅದಕ್ಕೇ ಸಂಬಳ ಕೊಡುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ನಾನು ನಿಪ್ಪಾಣಿ ಸೀಮೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಗುಮಾಸ್ತ. ಪಾಳು ಮನೆಗಳ ಬಾಗಿಲಿಗೆ ಮೈದಾ ಅಂಟು ಬಳಿದು, 'ಏಳು ದಿನದೊಳಗೆ ದುರಸ್ತಿ ಮಾಡತಕ್ಕದ್ದು' ಎಂಬ ನೋಟೀಸು ಹಚ್ಚಿ ಬರುತ್ತಿದ್ದೆ. ನನ್ನ ಅಕ್ಷರಗಳು ದುಂಡಗಿದ್ದವು. ಆದರೆ ಅಂಟಿನ ರುಚಿ ಹತ್ತಿದ ಓಣಿಯ ಆಡುಗಳು ಅವನ್ನು ಯಾರಿಗೂ ಓದಗೊಡುತ್ತಿರಲಿಲ್ಲ.

ಅಂಥದೊಂದು ಮನೆ ಅಣ್ಣಾಸಾಹೇಬರದು. ಮಗ್ಗದ ಸಾಲ ತೀರದೆ ಬ್ಯಾಂಕಿನವರು ಬಾಗಿಲಿಗೆ ಸೀಲು ಹಾಕಿದ್ದರು. ಅಣ್ಣಾಸಾಹೇಬರು ಇಚಲಕರಂಜಿಗೆ ಹೋಗಿ ಬೇರೆಯವರ ಮಗ್ಗದಲ್ಲಿ ದುಡಿಯುತ್ತಿದ್ದರು. ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಅಕ್ಕಾತಾಯಿ ಮತ್ತು ಅವಳ ಮೊಮ್ಮಗಳು. ಖಾಲಿ ಮನೆಯ ಗೋಡೆಯಲ್ಲಿ ಅರಳಿ ಗಿಡ ಬೇರುಬಿಟ್ಟು, ಗೋಡೆ ಆ ಮಗು ಮಲಗುವ ಕಡೆಗೇ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು.

ಅಕ್ಕಾತಾಯಿ ಅರ್ಜಿ ಕೊಟ್ಟಳು. ನಾವು ನೋಟೀಸು ಹಚ್ಚಿದೆವು. ಮತ್ತೆ ಅರ್ಜಿ, ಮತ್ತೆ ನೋಟೀಸು. ಬ್ಯಾಂಕಿನ ಮ್ಯಾನೇಜರು ಚಹಾ ಕುಡಿಸಿ, ಸೀಲು ಮಾತ್ರ ತಮ್ಮದು, ಗೋಡೆ ಮಾಲೀಕರದು ಎಂದರು. ಮುಂದಿನ ನೋಟೀಸನ್ನು ಮಾಲೀಕರ ಕೈಗೇ ಕೊಡಲು ನಾನು ಇಚಲಕರಂಜಿಯ ಬಸ್ಸು ಹತ್ತಿದೆ.

ಅಣ್ಣಾಸಾಹೇಬರು ನೋಟೀಸು ಓದುವ ಮೊದಲು ಹಿತ್ತಲಿನ ನುಗ್ಗೆ ಗಿಡ ಹೇಗಿದೆ ಎಂದು ಕೇಳಿದರು. ಆಮೇಲೆ ಓದಿ, ಮಡಚಿ, ಮೆಲ್ಲಗೆ ಹೇಳಿದರು: "ನನ್ನ ಮನಿ ಒಳಗ ಕಾಲಿಟ್ರ ಬ್ಯಾಂಕಿನವ್ರು ಹಿಡೀತಾರ. ಇಡದಿದ್ರ ನೀವು ಹಿಡೀತೀರಿ. ಯಾರ ಕೈಯಾಗ ಸಿಗಬೇಕು, ನೀವ ಹೇಳ್ರಿ."

ನಾನು ನೋಟೀಸು ಮುಟ್ಟಿದ್ದಕ್ಕೆ ಸಹಿ ಹಾಕುವ ನಮೂನೆ ಮುಂದಿಟ್ಟೆ. ಸಹಿ ಮಾಡಿಸಿಕೊಂಡು ಬಂದೆ.

ಮಳೆಗಾಲಕ್ಕೆ ಇನ್ನೇನು ವಾರವಿತ್ತು. ಒಂದು ಮಧ್ಯಾಹ್ನ ಅಕ್ಕಾತಾಯಿ ಗಾರೆ ಕೆಲಸದ ಗವಂಡಿಯನ್ನು ಕರೆಸಿ, ತನ್ನ ಅಂಗಳದಿಂದಲೇ ಆ ಗೋಡೆಯನ್ನು ಎದೆಮಟ್ಟಕ್ಕೆ ಇಳಿಸಿಬಿಟ್ಟಳು. ಇಟ್ಟಿಗೆಗಳನ್ನು ಒಂದೂ ಮುಕ್ಕಾಗದಂತೆ ಅಣ್ಣಾಸಾಹೇಬರ ಹಿತ್ತಲಲ್ಲೇ ಜೋಡಿಸಿದಳು. ಅಲ್ಲಿಯವರೆಗೆ ಮಲಗಿದ್ದ ಕಚೇರಿ ಆ ಸುದ್ದಿಗೆ ಎದ್ದು ಕೂತಿತು. ಜಪ್ತಿಯಾದ ಆಸ್ತಿಗೆ ಕೈ ಹಚ್ಚಿದವರನ್ನು ಪತ್ತೆಮಾಡಿ ವರದಿ ಕೊಡಬೇಕೆಂದು ನನಗೆ ಹುಕುಂ ಆಯಿತು.

ಹೋದೆ. ಅಕ್ಕಾತಾಯಿ ಬೀಡಿಯ ಮೊರದಿಂದ ತಲೆ ಎತ್ತದೆ ಅಂದಳು: "ನಾನ ಕೆಡವೀನ್ರಿ. ಬರ್ಕೋರಿ. ಕೂಸು ರಾತ್ರಿ ನಿದ್ದಿ ಮಾಡಾಕತ್ತೈತಿ, ಅದನ್ನೂ ಬರೀರಿ."

ವಾಪಸು ಬಂದು, ಅದೇ ದುಂಡಗಿನ ಅಕ್ಷರದಲ್ಲಿ ಬರೆದೆ: 'ಸದರಿ ಗೋಡೆಯು ಹಳತಾಗಿ ತಾನಾಗಿಯೇ ಕುಸಿದಿರುತ್ತದೆ.'

ಮುಖ್ಯಾಧಿಕಾರಿಗಳು ಆ ಓಣಿಯಲ್ಲೇ ಓಡಾಡುವವರು. ವರದಿ ಓದಿ ಕನ್ನಡಕ ತೆಗೆದರು.

"ಇಟ್ಟಂಗಿ ಸಾಲಾಗಿ ನಿಂತಾವಲ್ರೀ?"

"ಶಿಸ್ತಿನ ಗೋಡಿ ಇತ್ರಿ, ಸರ್."

ಅವರು ಕನ್ನಡಕ ಮತ್ತೆ ಏರಿಸಿ ಸಹಿ ಹಾಕಿದರು. ನನ್ನ ಸರ್ವೀಸಿನುದ್ದಕ್ಕೂ ಖಾಲಿ ಮನೆಗಳ ಬಗ್ಗೆ ನಾನು ನಿಜವನ್ನೇ ಬರೆದೆ, ಅವೆಲ್ಲ ಫೈಲಿನಲ್ಲಿ ಮಲಗಿವೆ. ಬರೆದದ್ದರಿಂದ ಒಬ್ಬರಿಗಾದರೂ ಉಪಯೋಗವಾಗಿದ್ದರೆ ಅದು ಆ ಒಂದು ಸುಳ್ಳಿನಿಂದ. ಪಿಂಚಣಿ ಮಾತ್ರ ಉಳಿದ ನಿಜಗಳಿಗೆಲ್ಲ ಬರುತ್ತಿದೆ.