ನೀಲಿ ಡ್ರಮ್ಮು ಮೂಸಿದಾಕೆ

ಶಹಾಪುರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಮುದುಕಿ ಯಾವುದನ್ನೂ ಮೂಸದೆ ನಂಬುತ್ತಿರಲಿಲ್ಲ. ಸಂತೆಯ ಬದನೆಕಾಯಿ, ಸೊಳ್ಳೆ ಬತ್ತಿ, ನೆಲ ಒರೆಸುವ ಫಿನಾಯಿಲು, ಎಲ್ಲವನ್ನೂ ಒಂದು ಕಣ್ಣು ಮುಚ್ಚಿ ಮೂಸಿ, "ನಂಗ್ಯಾಕೋ ಸಂಶಯ ಅದರಿ" ಅನ್ನುತ್ತಿದ್ದಳು. ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುವವರಿಗೆ ವರ್ಷಗಟ್ಟಲೆ ನೀರು ಹೊತ್ತವಳು ಆಕೆ.

ಒಂದು ಬೇಸಿಗೆಯಲ್ಲಿ ಕುಡಿಯುವ ನೀರು ತುಂಬಿಡಲು ನಾನು ಕೆಂಭಾವಿ ಸಂತೆಯಿಂದ ಹಳೆಯ ನೀಲಿ ಡ್ರಮ್ಮು ತಂದೆ. ಅದರಲ್ಲಿ ಶರಬತ್ತು ಇತ್ತೆಂದು ಮಾರಿದವನು ಹೇಳಿದ್ದ. ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದು ನೀರು ತುಂಬಿದೆವು. ಮುದುಕಿ ಬಂದು ಅದರೊಳಗೆ ಮೂಗು ಇಟ್ಟಳು.

"ಮಾಸ್ತರ್ರ, ಹೊಲದಾಗಿನ ಕಸ ಸಾಯಾಕ ಹೊಡಿತಾರಲ್ಲ, ಆ ಎಣ್ಣಿ ಇತ್ತು ಇದರಾಗ. ಕುಡಿಬ್ಯಾಡ್ರಿ."

"ಎಲ್ಲಾದರಾಗೂ ನಿನಗ ವಿಷಾನೇ ಕಾಣತದ ಬಿಡವ್ವಾ," ಎಂದು ನನ್ನ ಹೆಂಡತಿ ರೇಗಿದಳು.

ಮುದುಕಿ ವಾದಿಸಲಿಲ್ಲ. "ನಾಕ ದಿನ ತಡೀರಿ" ಎಂದು ಒಂದು ಕೊಡ ನೀರು ಒಯ್ದು, ತನ್ನದೇ ಬಾಗಿಲ ಬಳಿ ಹೂ ಬಿಟ್ಟಿದ್ದ ಅವರೆ ಬಳ್ಳಿಗೆ ಸುರಿದಳು. ಅರೆಮನಸ್ಸಿನಿಂದಲೇ ನಾವು ಆ ನೀರು ಮುಟ್ಟದೆ ಕಾದೆವು. ನಾಲ್ಕನೆಯ ದಿನ ಎಲೆಗಳೆಲ್ಲ ಮುರುಟಿ, ಕುಡಿಗಳು ತಿರುಚಿಕೊಂಡಿದ್ದವು. ನನ್ನ ಹೆಂಡತಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಡ್ರಮ್ಮನ್ನು ಗುಜರಿಯವನಿಗೆ ಕೊಟ್ಟುಬಿಡುತ್ತೇನೆ ಎಂದೆ. ಮುದುಕಿ ಮನೆಯಿಂದ ಹಾರೆ ತಂದು ಅದರ ತಳಕ್ಕೆ ಒಂದಾದ ಮೇಲೊಂದು ತೂತು ಹೊಡೆದಳು.

"ಈಗ ಕೊಡ್ರಿ," ಎಂದಳು. "ಇನ್ನ ಇದರಾಗ ಯಾರ ಮನಿ ನೀರೂ ನಿಲ್ಲಂಗಿಲ್ಲ."