ಗಟ್ಟಿಯಾಗದ ಉಪ್ಪುನೀರು

ಗ್ಯಾರೇಜಿನ ಫ್ರೀಜರ್ ತೊಳೆಯೋಣವೆಂದು ಕಳೆದ ವಾರ ಒಳಗಿದ್ದದ್ದನ್ನೆಲ್ಲ ಹೊರಗೆ ತೆಗೆದೆ. ಅವರೆಕಾಳು, ತುರಿದ ಕಾಯಿ, ಯಾವ ಕಾಲದ್ದೋ ಪರೋಟ, ಎಲ್ಲ ಕಲ್ಲಾಗಿದ್ದವು. ತಳದಲ್ಲಿದ್ದ ಒಂದು ಗಾಜಿನ ಬಾಟಲಿ ಮಾತ್ರ ಕೈಯಲ್ಲಿ ಕುಲುಕಿತು. ಅಮ್ಮ ಮೈಸೂರಿನಿಂದ ತಂದಿದ್ದ ಉಪ್ಪುನೀರಿನ ಮಾವಿನಮಿಡಿ. ಮುಚ್ಚಳ ತಿರುಗಿಸಿದೆ. ಸೊನೆಯ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಎದುರು ಮನೆಯ ಅಕ್ಕ ನೆನಪಾದರು...

ಉಪ್ಪಿನಲ್ಲಿಟ್ಟ ಮಿಡಿಯನ್ನು ಫ್ರೀಜರಿನಲ್ಲಿ ಇಡುವವರು ಯಾರೂ ಇಲ್ಲ. ಆದರೆ ಆ ಕೊರೋನಾ ವರ್ಷ ತಲೆ ನೆಟ್ಟಗಿದ್ದವರು ಯಾರು? ನಾವಿರುವ ಸೆಂಟರ್‌ವಿಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಜನ ಅಕ್ಕಿ ಮೂಟೆಗೆ ಮುಗಿಬೀಳುತ್ತಿದ್ದಾಗ ನಾನೂ ಸಿಕ್ಕಿದ್ದನ್ನೆಲ್ಲ ತಂದು ತುಂಬಿದೆ. ಮನೆಯಲ್ಲಿದ್ದ ಈ ಬಾಟಲಿಯನ್ನೂ ಭದ್ರವಾಗಿರಲಿ ಎಂದು ಒಳಗೆ ತುರುಕಿದೆ. ನನ್ನ ಗಂಡ ಅದನ್ನೇ ಹೇಳಿಕೊಂಡು ವಾರಗಟ್ಟಲೆ ನಕ್ಕರು.

ಅಕ್ಕ ಬಾಗಲಕೋಟೆ ಕಡೆಯವರು. ಒಬ್ಬರೇ ಇದ್ದರು. ಅಲಾಸ್ಕಾದಲ್ಲಿ, ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲದಲ್ಲಿ ಕಟ್ಟಡಗಳಿಗೆ ಬುನಾದಿ ಹಾಕಿಸುವ ಎಂಜಿನಿಯರ್. ಅಲ್ಲಿ ನಮ್ಮ ಹಾಗೆ ಪಾಯ ತೆಗೆದು ಮನೆ ಕಟ್ಟಿದರೆ ಮನೆಯ ಬಿಸಿಗೆ ನೆಲ ಕರಗಿ, ಮನೆ ಕುಸಿದು ಕೂರುತ್ತದಂತೆ. ಅದಕ್ಕೇ ಆಳವಾಗಿ ಕೊರೆದು ಉಕ್ಕಿನ ಕಂಬ ಇಳಿಸಿ, ಸುತ್ತ ಮರಳು ಮತ್ತು ನೀರಿನ ರಾಡಿ ಸುರಿಯುತ್ತಾರೆ. ಸುತ್ತಲಿನ ನೆಲದ ಚಳಿಗೆ ಆ ರಾಡಿ ಹೆಪ್ಪುಗಟ್ಟಿ ಕಂಬವನ್ನು ಹಿಡಿದುಕೊಳ್ಳಬೇಕು. ಆಮೇಲೆಯೇ ಕಟ್ಟಡ, ಅದೂ ನೆಲದಿಂದ ಮೇಲೆ, ಅಡಿಯಲ್ಲಿ ಗಾಳಿಯಾಡುವ ಹಾಗೆ. ಇಷ್ಟನ್ನು ನನಗೆ ಅರ್ಥ ಮಾಡಿಸಲು ಅಕ್ಕನಿಗೆ ಎರಡು ಕಪ್ ಚಹಾ ಬೇಕಾಗಿತ್ತು.

ಆ ವರ್ಷ ಅವರು ಹಿಡಿದಿದ್ದ ಕೆಲಸ ಅಲ್ಲಿನ ಕಡಲತೀರದ ಒಂದು ಪುಟ್ಟ ಊರಿನ ಆಸ್ಪತ್ರೆ. ರಸ್ತೆಯಿಲ್ಲದ ಊರು, ಹೋಗಿಬರಲು ಸಣ್ಣ ವಿಮಾನವೇ ಗತಿ. ಇದ್ದ ಹಳೆಯ ದವಾಖಾನೆ ಎಂದರೆ ವಾಲಿ ನಿಂತ ಒಂದು ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಅಕ್ಕ ತಮ್ಮ ಊರಿನ ರೂಢಿಯಂತೆ ನರ್ಸಬಾಯಿ ಎನ್ನುತ್ತಿದ್ದರು. ಕಂಬಗಳ ಕೆಲಸ ಅರ್ಧವಾಗಿದ್ದಾಗ ಕೊರೋನಾ ಬಂತು, ಹೊರಗಿನವರಿಗೆ ಆ ಊರು ಬಾಗಿಲು ಹಾಕಿತು, ಅಕ್ಕ ವಾಪಸ್ ಬಂದರು. ಉಳಿದ ಕಂಬಗಳನ್ನು ಅಲ್ಲೇ ಇದ್ದ ಕಂಟ್ರಾಕ್ಟರನ ಜನ ಅವರಿಲ್ಲದೆಯೇ ನೆಟ್ಟರು. ನೆಲದೊಳಗೆ ಬಿಟ್ಟಿದ್ದ ತಂತಿಗಳಿಂದ ಅಲ್ಲಿನ ಚಳಿ ಎಷ್ಟೆಂದು ಅಕ್ಕನ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಮೈನಸ್ ಎರಡು. ಎಲ್ಲ ಗಟ್ಟಿಯಾಗಿದೆ, ಸಹಿ ಹಾಕಿ, ಬೇಸಿಗೆಯಲ್ಲೇ ಕಟ್ಟಡ ಎಬ್ಬಿಸುತ್ತೇವೆ ಎಂದು ಕಂಪನಿಯವರು ಒತ್ತಾಯ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ತಮ್ಮ ರೊಟ್ಟಿ ಹಿಟ್ಟಿಗೆ ನಮ್ಮ ಫ್ರೀಜರಿನಲ್ಲಿ ಜಾಗ ಕೇಳಲು ಬಂದರು. ನಾನು ಸಾಮಾನು ಸರಿಸುವಾಗ ಬಾಟಲಿ ಅವರ ಕೈಗೆ ಹೋಯಿತು. ಕುಲುಕಿದರು. ಮತ್ತೆ ಕುಲುಕಿದರು.

"ಇದ್ಯಾಕ ಗಟ್ಟಿ ಆಗಿಲ್ಲ ತಂಗಿ?"

"ಅದ್ರಲ್ಲಿ ಸಿಕ್ಕಾಪಟ್ಟೆ ಉಪ್ಪಿದೆ ಅಕ್ಕ, ಫ್ರೀಜ್ ಆಗಲ್ಲ."

ಅವರಿಗೆ ಗೊತ್ತಿರದ ವಿಷಯವೇನಲ್ಲ. ಆದರೂ ಮುಖ ಬಿಳಿಚಿಕೊಂಡಿತು. ಮೊದಲು ಮರಳು ಚೀಲಗಳಲ್ಲಿ ವಿಮಾನದಲ್ಲೇ ಬರುತ್ತಿತ್ತು, ವಿಮಾನ ನಿಂತ ಮೇಲೆ ರಾಡಿಗೆ ಮರಳು ಎಲ್ಲಿಂದ ಬಂತು ಎಂದು ತಾವು ಕೇಳಿರಲೇ ಇಲ್ಲ ಎಂದರು. ಆ ಸಂಜೆ ವಿಚಾರಿಸಿದಾಗ, ಮರಳು ಊರಿನದೇ, ಒಳ್ಳೆಯ ಮರಳು ಎಂದು ಕಂಟ್ರಾಕ್ಟರ್ ಹೇಳಿದನಂತೆ. ಊರಿನದು ಎಂದರೆ ಕಡಲ ದಂಡೆಯದು, ಅದರಲ್ಲಿ ಉಪ್ಪಿದ್ದರೆ ಮೈನಸ್ ಎರಡರಲ್ಲೂ ರಾಡಿ ಗಟ್ಟಿಯಾಗುವುದಿಲ್ಲ.

ಪರೀಕ್ಷೆ ಮಾಡಿಸಲು ಅಲ್ಲಿಗೆ ಯಾರೂ ಹೋಗುವ ಹಾಗಿರಲಿಲ್ಲ. ಮರುದಿನ ಅಕ್ಕ ನಮ್ಮ ಗ್ಯಾರೇಜಿಗೆ ಬಂದು, ಮಾಸ್ಕ್ ಹಾಕಿಕೊಂಡು, ದೂರದಲ್ಲಿ ಒಂದು ಕುರ್ಚಿಯಲ್ಲಿ ಕುಳಿತರು. ಒಬ್ಬರೇ ಕೇಳುವ ಧೈರ್ಯವಿಲ್ಲ ಎಂದರು. ಅವರ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ನನ್ನ ಫೋನಿನಿಂದಲೇ ನರ್ಸಬಾಯಿಗೆ ವಿಡಿಯೋ ಕರೆ ಹೋಯಿತು. ನರ್ಸಬಾಯಿಯ ದೊಡ್ಡ ಮಗಳು ಅಲ್ಲಿ ಫೋನ್ ಹಿಡಿದಿದ್ದಳು. ಉಳಿದ ಮರಳಿನ ರಾಶಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ರುಚಿ ಹೇಳಿ ಎಂದು ಅಕ್ಕ ಕೇಳಿದರು. ಉಪ್ಪಿದ್ದರೆ ಈ ವರ್ಷ ಆಸ್ಪತ್ರೆ ಇಲ್ಲ ಎನ್ನುವುದನ್ನೂ ಮುಚ್ಚಿಡದೆ ಹೇಳಿದರು.

ಆ ಹೆಂಗಸು ಬಗ್ಗಿ ಮರಳು ಎತ್ತಿ ನಾಲಿಗೆಗೆ ಇಟ್ಟರು. ಒಮ್ಮೆ ಹಿಂತಿರುಗಿ ನೋಡಿದರು. ಹಿಂದೆ ಕಂಬಗಳು ಸಾಲಾಗಿ ಕಾಣುತ್ತಿದ್ದವು. ಆಮೇಲೆ "ಸಾಲ್ಟಿ" ಎಂದರು.

ಅಕ್ಕ ಸಹಿ ಹಾಕಲಿಲ್ಲ. ಕಂಪನಿಯವರು ಬೈದರು, ಕೆಲಸ ನಿಂತಿತು. ಆ ನೆಲದಲ್ಲಿ ಒಂದು ಬೇಸಿಗೆ ತಪ್ಪಿದರೆ ಒಂದು ವರ್ಷ ತಪ್ಪಿದಂತೆ. ಚಳಿಗಾಲದಲ್ಲಿ ರೋಗ ಆ ಊರಿಗೂ ಬಂತು. ಹಿಮಗಾಳಿಗೆ ವಿಮಾನ ಇಳಿಯಲಿಲ್ಲ, ಆ ವಾಲಿದ ಕೋಣೆಯಲ್ಲಿ ಎಲ್ಲರಿಗೂ ಆಗುವಷ್ಟು ಆಕ್ಸಿಜನ್ ಇರಲಿಲ್ಲ. ನರ್ಸಬಾಯಿ ಅದೇ ಕೋಣೆಯಲ್ಲಿ ತೀರಿಕೊಂಡರು.

ಸುದ್ದಿ ಹೇಳಲು ಬಂದ ಅಕ್ಕ ಅಳಲಿಲ್ಲ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು.

"ಆಕಿ ಸುಳ್ಳ ಹೇಳಬಹುದಿತ್ತ ತಂಗಿ. ಸಪ್ಪಗೈತಿ ಅಂದಿದ್ರ ನಾ ಸಹಿ ಹಾಕತಿದ್ದೆ."

"ಹಾಕಿದ್ರೆ ಕಟ್ಟಡ ಕುಸೀತಿತ್ತಲ್ಲ ಅಕ್ಕ."

"ಕುಸಿಯೂತನಕ ಆಕಿ ಬದುಕಿರ್ತಿದ್ದಳಲ್ಲ."

 

ಅಕ್ಕ ಮೊದಲಿನ ಹಾಗಾಗಲೇ ಇಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆಯಲ್ಲಿ ಉಪ್ಪಿನಕಾಯಿ ಹಾಗೇ ಉಳಿಯುತ್ತಿತ್ತು. ನೀವು ಮಾಡಿದ್ದೇ ಸರಿ ಎಂದು ನಾವು ಹೇಳಿದಷ್ಟೂ ಅವರು ಇನ್ನಷ್ಟು ಮುದುಡುತ್ತಿದ್ದರು. ಆ ಕೆಲಸ ಬಿಟ್ಟು ದಕ್ಷಿಣದ ಬೆಚ್ಚಗಿನ ಊರು ಶಾರ್ಲೆಟ್‌ಗೆ ಹೋದರು, ಅಲ್ಲಿ ಪಾರ್ಕಿಂಗ್ ಕಟ್ಟಡಗಳಿಗೆ ಬುನಾದಿ. ಅಲ್ಲಿನ ಮಣ್ಣು ಮಣ್ಣಾಗಿಯೇ ಇರುತ್ತದೆ, ಚಿಂತೆಯಿಲ್ಲ ಎಂದು ಫೋನಿನಲ್ಲಿ ನಗಲು ನೋಡಿದರು... ಆಮೇಲೆ ಕರೆಗಳು ಕಡಿಮೆಯಾದವು. ಒಂದು ದಿನ ಅವರ ತಮ್ಮ ಫೋನ್ ಮಾಡಿ, ಅಕ್ಕನ ಹೃದಯ ನಿಂತಿತು ಎಂದರು. ನಾವು ಹೊರಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅದಾಗಿ ಕೆಲವು ತಿಂಗಳಿಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ಹಿಮದ ನಡುವೆ ಹಳದಿ ಬಣ್ಣದ ಕಟ್ಟಡ, ಅಡಿಯಲ್ಲಿ ಹೊಸ ಕಂಬಗಳು, ಕಂಬಗಳ ನಡುವೆ ಆಚೆಯ ಬಯಲು. ಕಳಿಸಿದವಳು ನರ್ಸಬಾಯಿಯ ಮಗಳು. ಅವಳ ಬಳಿ ಇದ್ದದ್ದು ನನ್ನ ನಂಬರ್ ಒಂದೇ. ಅಮ್ಮನ ಕೆಲಸವನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ, ಎರಡು ಬೇಸಿಗೆ ಕಳೆದರೂ ಕಟ್ಟಡ ಒಂದಿಷ್ಟೂ ವಾಲಿಲ್ಲ, ಒಂದು ಬಾಗಿಲೂ ಬಿಗಿಯಾಗಿಲ್ಲ, ಎಲ್ಲ ಸರಿಯಾಗಿ ಮುಚ್ಚುತ್ತವೆ, ಎಂಜಿನಿಯರ್‌ಗೆ ದಯವಿಟ್ಟು ತಿಳಿಸಿ ಎಂದು ಬರೆದಿದ್ದಳು.

ಈ ಒಂದು ಮಾತು ಅಕ್ಕ ಇದ್ದಾಗ ಬರಬಾರದಿತ್ತೇ? ನನಗೆ ಆ ದಿನ ದೇವರ ಮೇಲೂ ಸಿಟ್ಟು ಬಂದಿತ್ತು.

ಕಳೆದ ವಾರ ಆ ಬಾಟಲಿ ಹಿಡಿದು ಗ್ಯಾರೇಜಿನ ನೆಲದ ಮೇಲೆ ಕುಳಿತು ಆ ಸಂದೇಶವನ್ನು ಮತ್ತೆ ಓದಿದೆ. ಕೆಳಗೆ ನನ್ನ ಉತ್ತರವೂ ಇತ್ತು. ಅಕ್ಕ ಇಲ್ಲ ಎಂದು ಬರೆಯಲು ನನಗೆ ಆಗಿರಲಿಲ್ಲ. ಖಂಡಿತ ತಿಳಿಸುತ್ತೇನೆ ಎಂದು ಬರೆದಿದ್ದೆ. ಅವಳ ಅಮ್ಮ ಮರಳು ಬಾಯಲ್ಲಿಟ್ಟುಕೊಂಡು ಹೇಳದೇ ಹೋದ ಸುಳ್ಳನ್ನು ನಾನು ಅಷ್ಟು ಸುಲಭವಾಗಿ ಹೇಳಿಬಿಟ್ಟಿದ್ದೆ.

ಬಾಟಲಿಯ ಮುಚ್ಚಳ ಬಿಗಿದು ಮತ್ತೆ ಫ್ರೀಜರಿನ ತಳದಲ್ಲೇ ಇಟ್ಟೆ.